ಬ್ಯಾಟರಿ ಕೀಳುವ ಮುನ್ನ

ಹಕೊಡಾಟೆ ಬಂದರಿನ ಹಿಂದೆ, ಮೀನಂಗಡಿಯ ಮಾಳಿಗೆಯಲ್ಲಿ
ನನ್ನ ರಿಪೇರಿ ಮೇಜು.
ಹಳೆಯ ಗೇಮ್ ಕ್ಯಾಸೆಟ್ಟುಗಳು ಕಿಲೋ ಲೆಕ್ಕದಲ್ಲಿ ಬರುತ್ತವೆ,
ಒಳಗೆ ಅಂಗಿಗುಂಡಿಯಷ್ಟು ಬ್ಯಾಟರಿ,
ಇಂದೋ ನಾಳೆಯೋ ಅನ್ನುವಂಥದ್ದು.
ಅದನ್ನು ಕಿತ್ತರೆ ಆಡಿದ್ದೆಲ್ಲ ಅಳಿಸಿಹೋಗುತ್ತದೆ.
ಅದಕ್ಕೇ ಒಮ್ಮೆ ಹಾಕಿ ನೋಡುತ್ತೇನೆ,
ಯಾರು ಎಲ್ಲಿ ಕೈಚೆಲ್ಲಿದರು ಎಂದು.

ಒಬ್ಬ ಆಡಿದ್ದು ನಾಲ್ಕೇ ನಿಮಿಷ. ಹೆಸರು ಬರೆದದ್ದಷ್ಟೇ ಬಂತು.
ಒಬ್ಬಳು ನೀರಿನ ಗುಹೆಯಲ್ಲಿ ದಾರಿ ತಪ್ಪಿ
ಮೂವತ್ತು ವರ್ಷದಿಂದ ಪಂಜು ಹಿಡಿದು ನಿಂತಿದ್ದಾಳೆ.
ಸೇತುವೆ ಕಾಯುವ ರಾಕ್ಷಸನಿಗೆ ಸೋತು ಬಿಟ್ಟವರಿಗಂತೂ
ಲೆಕ್ಕವೇ ಇಲ್ಲ. ನಾನೂ ಅವರಲ್ಲೊಬ್ಬಳು;
ಪರೀಕ್ಷೆ ಇತ್ತು ಅಂತ ಹೇಳಿಕೊಂಡು ತಿರುಗಿದ್ದೆ.

ಇವತ್ತಿನದು ಬೇರೆ ಥರ.
ಇಸಾವೊ. ಎಪ್ಪತ್ತೊಂದು ಗಂಟೆ.
ಎಲ್ಲ ಕತ್ತಿ, ಎಲ್ಲ ಕೀಲಿ, ಚೀಲದ ತುಂಬ ಮದ್ದು,
ಕೊನೆಯ ಕೋಟೆಯ ಬಾಗಿಲೂ ತೆರೆದೇ ಇದೆ.
ಅಲ್ಲಿಂದ ಆಸಾಮಿ ವಾಪಸು ನಡೆದಿದ್ದಾನೆ,
ಮಂಜಿನ ಕಣಿವೆ, ಸೇತುವೆ, ಗುಹೆ, ಎಲ್ಲ ದಾಟಿ
ಮೊದಲ ಹಳ್ಳಿಗೆ,
ಎಂಟು ಕಾಸಿನ ಛತ್ರಕ್ಕೆ.
ಎದುರಿಗೆ ಛತ್ರದವಳು.
ಮಾತಾಡಿಸಿದೆ.
“ನಾಳೆ ಹೊರಟರಾಯಿತು, ಮಲಗಿ” ಅಂದಳು.
ಮತ್ತೆ ಮಾತಾಡಿಸಿದೆ. ಅದನ್ನೇ ಅಂದಳು.

ಕಾವೇರಿದ ಕಬ್ಬಿಣ ಕೈಯಲ್ಲೇ ಆರುತ್ತಿತ್ತು.
ಕೆಳಗೆ ಯಾರೋ ಏಡಿಯ ಪೆಟ್ಟಿಗೆ ಎಳೆಯುವ ಸದ್ದು.
ಸ್ಕ್ರೂ ವಾಪಸು ಬಿಗಿದೆ. ಚೀಟಿ ಅಂಟಿಸಿದೆ:
ಕೆಟ್ಟಿದೆ, ಮಾರಾಟಕ್ಕಿಲ್ಲ.

ಬ್ಯಾಟರಿ ಹೇಗೂ ಹೆಚ್ಚು ದಿನ ಬಾರದು, ಗೊತ್ತು.
ಯಜಮಾನ ಕಿತಬತಾಕೆ ಕೇಳಿದರೆ
ತುಕ್ಕು ಹಿಡಿದಿತ್ತು ಅನ್ನುತ್ತೇನೆ.