ಒಂದು ಸೆಕೆಂಡಿಗೆ ಒಂಬತ್ತು ಗಂಟೆ

ಲೂಲಿಯೋದಲ್ಲಿ ನನ್ನ ಗಿರಣಿಗೆ ತೂಕವಿಲ್ಲ.
ಮೇಜಿನ ಕೆಳಗೆ ಗುಂಯ್‌ಗುಡುವ ಪೆಟ್ಟಿಗೆಯೊಳಗೆ
ನಲವತ್ತು ಸಾವಿರ ಕಲ್ಲು
ಏರುತ್ತವೆ, ಭುಜದ ಹತ್ತಿರ ಅರೆಗಳಿಗೆ ಅನುಮಾನಿಸುತ್ತವೆ,
ಉರುಳಿ ಕಾಲ್ಬೆರಳ ಬಳಿ ಬೀಳುತ್ತವೆ.
ಭುಜ, ಬೆರಳು, ಎಲ್ಲ ನಾವಿಟ್ಟ ಹೆಸರು.
ತಲೆಯನ್ನು ಯಾರೂ ಹುಡುಕಲಿಲ್ಲ,
ಹೊಟ್ಟೆಯೋ, ಇಡೀ ಗಿರಣಿಯೇ.

ಪ್ರತಿ ಕಲ್ಲನ್ನೂ ಕೇಳಬೇಕು: ಯಾರನ್ನು ಮುಟ್ಟಿದೆ?
ಎಷ್ಟು ಒತ್ತಿದೆ, ಎಷ್ಟು ಜಾರಿದೆ?
ಸೆಕೆಂಡನ್ನು ಹತ್ತು ಲಕ್ಷ ಹೋಳು ಮಾಡಿ
ಹೋಳುಹೋಳಿಗೂ ಮತ್ತದೇ ವಿಚಾರಣೆ.
ಅಲ್ಲಿನ ಒಂದು ಸೆಕೆಂಡಿಗೆ ಇಲ್ಲಿ ಒಂಬತ್ತು ಗಂಟೆ.
ಸಂಜೆ ಚಾಲೂ ಮಾಡಿ ಮನೆಗೆ ಹೋಗುತ್ತೇನೆ.
ಬೆಳಿಗ್ಗೆ ಬರುವಷ್ಟರಲ್ಲಿ
ಒಂದು ಕಲ್ಲು ಬಿದ್ದು ಮುಗಿದಿರುತ್ತದೆ.

ಬಸ್ಸಿನಲ್ಲಿ ನಾಲ್ಕು ಗಂಟೆ ಉತ್ತರಕ್ಕೆ
ಮಾಲ್ಮ್‌ಬೆರ್ಯೆತ್, ಹೆಸರೇ ಅದಿರಬೆಟ್ಟ.
ಅಲ್ಲಿ ಇದೇ ಗಿರಣಿಗೆ ಮುನ್ನೂರು ಟನ್ ತೂಕ,
ಮತ್ತು ಒಬ್ಬ ಹಿಲ್ಡಿಂಗ್ ಕುಮ್ಮು.
ಮೂವತ್ತೊಂದು ವರ್ಷ ಪಕ್ಕದಲ್ಲೇ ನಿಂತು
ಬಲಗಿವಿಯನ್ನು ಅದಕ್ಕೇ ಕೊಟ್ಟವನು.
ಎಡಗಿವಿಗೆ ಬರ್ಚ್ ಕೋಲಿನ ಒಂದು ತುದಿ,
ಬೇರಿಂಗಿಗೆ ಇನ್ನೊಂದು.
ಕಣ್ಣು ಮುಚ್ಚಿ, "ಹಸಿದಿದೆ. ಹಾಕಿ."
ಹುಡುಗರು ಪರದೆ ನೋಡುತ್ತಾರೆ.
ನಾಲ್ಕು ನಿಮಿಷದ ಮೇಲೆ ಪರದೆಯೂ ಅದನ್ನೇ ಹೇಳುತ್ತದೆ.

ಇಲ್ಲಿ ಉಕ್ಕಿನ ಗುಂಡು ಹಾಕುವುದಿಲ್ಲ.
ಅದಿರನ್ನು ಅದಿರೇ ಅರೆಯಬೇಕು.
ದೊಡ್ಡವು ಸಣ್ಣವನ್ನು ಅರೆದರೆದು
ತಾವೇ ಸಣ್ಣವಾಗಿ
ಜಾಲರಿ ದಾಟಿ ಹೋಗಬೇಕು.

ಊಟದ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ತೋರಿಸಿದೆ.
ಕಾಫಿಯಲ್ಲಿ ಗಿಣ್ಣಿನ ತುಂಡು ಮುಳುಗಿಸುತ್ತ ನೋಡಿದ.
ನೀಲಿ ನಿಧಾನ, ಕೆಂಪು ವೇಗ.
"ಚೆಂದ ಇದೆ ಸೈಮಿ. ಎಲ್ಲಾ ಬಟಾಣಿ."
ಬಟಾಣಿಯೇ. ಗುಂಡಗಿದ್ದರೆ ಲೆಕ್ಕ ಹಗುರ,
ಮೂಲೆಯಿರುವ ಕಲ್ಲು ತೊಂಬತ್ತು ಗಂಟೆ ಕೇಳುತ್ತದೆ.
ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ,
ನಾನು ಹುಟ್ಟಿದೂರಿನ ಬೆಟ್ಟವನ್ನೇ
ಕೂತಲ್ಲೇ ನುಣ್ಣಗೆ ಮಾಡಿಕೊಂಡಿದ್ದೆ.

ಒಳಗೋಡೆಯ ರಬ್ಬರ್ ಪಟ್ಟಿಯೊಂದರಲ್ಲಿ
ಹುದುಗಿಸಿಟ್ಟ ಸೆನ್ಸರ್
ಸುತ್ತಿಗೊಮ್ಮೆ ರಾಶಿಯೊಳಗೆ ಮುಳುಗಿ ಬಾಗುತ್ತದೆ,
ಬಾಗಿದ್ದನ್ನು ಗೆರೆಯಾಗಿ ಕಳಿಸುತ್ತದೆ.
ಅದರ ಗೆರೆಯ ಮೇಲೆ ನನ್ನ ಗೆರೆ ಇಟ್ಟರೆ
ನನ್ನ ಕಲ್ಲುಗಳು ಹತ್ತು ಡಿಗ್ರಿ ತಡವಾಗಿ ಭುಜ ಬಿಡುತ್ತವೆ.
ಮೂರು ತಿಂಗಳು ಘರ್ಷಣೆಯ ಅಂಕಿಯನ್ನೇ ಬೈದೆ,
ಪಾಯಿಂಟ್ ನಾಲ್ಕು, ಪಾಯಿಂಟ್ ಮೂರೈದು,
ತೌಡು ಕುಟ್ಟಿದೆ.

ಹಿಲ್ಡಿಂಗ್ ಲೋಟ ಕೆಳಗಿಟ್ಟ.
"ನಿನ್ನ ಪಟ್ಟಿ ಎಂದು ಹಾಕಿದ್ದು?"
ಡ್ರಾಯಿಂಗಿನಲ್ಲಿದ್ದ ಹಾಗೆ, ಹೊಸದು.
"ನನ್ನದು ಜನವರಿಯದು."
ಆಗ ಅಕ್ಟೋಬರ್.
ತುಟಿ ಕೆಳಗೆಳೆದು ತನ್ನ ಮುಂದಿನ ಹಲ್ಲು ತೋರಿಸಿದ,
ಒಂದೇ ಕಡೆ ಸವೆದು ಓರೆಯಾದ ನಾಲ್ಕು.

ರಿಪೇರಿಗೆ ಗಿರಣಿ ನಿಂತ ದಿನ
ಟಾರ್ಚ್ ಕಚ್ಚಿಕೊಂಡು ಒಳಗೆ ತೆವಳಿದೆ.
ಕಪ್ಪು ಕೆಸರು, ಬೆಚ್ಚಗೆ.
ಸವೆದ ಪಟ್ಟಿಗೆ ತಂತಿ ಬಾಗಿಸಿ ಅಳತೆ ತೆಗೆಯುವಾಗ
ಮೊಣಕಾಲಿಗೆ ಒಂದು ಕಲ್ಲು ಚುಚ್ಚಿತು.
ನಾನು ಸ್ಕೀ ಕಲಿತ ಇಳಿಜಾರು ಕುಸಿದು ಗುಂಡಿಯಾಗಿ
ಎಷ್ಟೋ ವರ್ಷವಾಯಿತು.
ನಮ್ಮ ಬೀದಿಯ ಮನೆಗಳು ಲಾರಿಯೇರಿ
ಪರದೆ ಸಮೇತ ಊರು ಬಿಟ್ಟವು.
ಚುಚ್ಚಿದ್ದು ಯಾವ ಕಡೆಯ ಕಲ್ಲೋ.
ಇಲ್ಲಿ ಹಿಟ್ಟಾಗಿ, ಆಮೇಲೆ ಉಂಡೆ ಕಟ್ಟಿ ಸುಟ್ಟು
ನನ್ನ ಕಿಟಕಿಯ ಕೆಳಗಿನ ಬಂದರಿಗೇ ಬರುತ್ತದೆ,
ಕೊನೆಗೂ ಬಟಾಣಿಯಷ್ಟೇ ಗುಂಡಗೆ.

ಹತ್ತು ಡಿಗ್ರಿ ಎರಡಕ್ಕೆ ಇಳಿಯಿತು.
ಉಳಿದ ಎರಡು ಎಲ್ಲಿಯದೋ ಗೊತ್ತಿಲ್ಲ.

ಮಾರ್ಚಿನಲ್ಲಿ, ಕಿವಿ ಡಾಕ್ಟರಿಗೆಂದು ಲೂಲಿಯೋಕ್ಕೆ ಬಂದವನು
ನನ್ನ ಆಫೀಸಿಗೂ ಬಂದ.
ಮೇಜಿನ ಮೇಲಿನ ಪೆನ್ಸಿಲ್ ತೆಗೆದು
ಪೆಟ್ಟಿಗೆಗೊಂದು ತುದಿ, ಎಡಗಿವಿಗೊಂದು,
ಮಂಡಿಯೂರಿ ತುಂಬ ಹೊತ್ತು ಕೇಳಿದ.
"ಫ್ಯಾನಿಗೆ ಧೂಳು ಹಿಡಿದಿದೆ," ಅಂದ. "ಒರೆಸು."