ಅಕ್ಕಿ ಡಬ್ಬ್ಯಾಗಿನ ಕೀಲಿ

ಮೊಲ್ಲೆಂ ದಾಟಿದ್ರ ಬರೇ ಕಾಡು, ತಿರುವು, ಮಂಗ್ಯಾ.
ಅದಕ್ಕ ನಮ್ಮ ಟಾವರ್ನಾ ಎಲ್ಲಾರಿಗೂ ಕಡೀದು.
ಆಯತಾರ ಮಧ್ಯಾಹ್ನ ಬೆಳಗಾವಿ ನಂಬರು, ಧಾರವಾಡ ನಂಬರು
ಸಾಲಾಗಿ ನಿಲ್ತಾವು. ಬಾಗಿಲಾ ತೆರದ್ರ ಉಸುಕು ಉದುರತೈತಿ,
ಹಸಿ ಚಡ್ಡಿ, ಗೋಡಂಬಿ ಪಾಕೀಟು, ಬಿಸಲಿಗೆ ಸುಲದ ಮೂಗು.
"ಕಾಶವ್ವಾ, ಕಡೀದೊಂದು," ಅಂತಾರ.
ಕಡೀದಕ್ಕೂ ಒಂದು ಮರಿ ಇರತೈತಿ, ನಾ ಕಂಡೀನಿ.

ಎಸ್ಪೆರಾನ್ಸ ಬಾಯಿ ಇದ್ದಾಗ ಹೇಳತಿದ್ಲು:
ಬಾಟ್ಲಿ ಅಲ್ಲಾಡಿಸು, ಮ್ಯಾಲೆ ಮುತ್ತು ಏಳ್ತಾವ,
ಎಷ್ಟೊತ್ತು ನಿಲ್ತಾವೋ ಅಷ್ಟು ಖಡಕ್ ಫೆಣಿ.
ಮನಶ್ಯಾನ್ನ ಅಲ್ಲಾಡಿಸಿ ನೋಡಾಕ ಬರೂದಿಲ್ಲ.
ಕೇಳಬೇಕು. ಉಂಡೀಯೇನು? ರಾತ್ರಿ ನಿದ್ದಿ ಆಗೇತೇನು?
ಗುಳಿಗಿ ಏನರ ನುಂಗೀಯೇನು? ಗಾಡಿ ಹೊಡ್ಯಾವ ಯಾರು?
ಹೋದ ವರ್ಷ ತಡಕೊಂಡ ಮೈ
ಈ ವರ್ಷನೂ ತಡೀತೈತಿ ಅಂತ
ಯಾ ತಲಾಟಿನೂ ಬರಕೊಟ್ಟಿಲ್ಲ.

ಏಪ್ರಿಲ್‌ನ್ಯಾಗಂತೂ ಉರಾಕು.
ಲಿಂಬು ಸೋಡಾ, ಉಪ್ಪು, ಸೀಳಿದ ಹಸಿ ಮೆಣಸಿನಕಾಯಿ,
ಶರಬತ್ತಿನಂಗ ಇಳೀತೈತಿ.
ಮೊದಲನೇ ಗಲಾಸು ಇನ್ನೂ ದಾರಿಯಾಗಿರತೈತಿ,
ಇವ್ರು ಮೂರನೇದಕ್ಕ ಕೈ ಎತ್ತಿರ್ತಾರ.

ಗೋಕಾಕದಾವ ಒಬ್ಬ, ಟೈಲ್ಸ್ ಅಂಗಡಿ ಈರಭದ್ರ.
ಆರು ಗಲಾಸಾದ ಮ್ಯಾಲೂ ಲೆಕ್ಕ ತಪ್ಪಿಲ್ಲ, ಮಾತು ತೊದಲಿಲ್ಲ.
"ನನಗ ಏರೂದss ಇಲ್ರೀ" ಅಂತ ತೊಡಿ ತಟ್ಟಿದ.
ಗೆಳ್ಯಾರು ಹೌದ್ಹೌದು ಅಂದ್ರು.
ನಾ ಮೀನಿನ ಸಾರು ಬಡಸ್ಕೋತ ಅಂದೆ:
ಯಣ್ಣಾ, ಬಾಗಿಲ ಬೆಲ್ಲು ಕೆಟ್ಟೈತಿ ಅಂದ್ರ
ಮಂದಿ ಬರೂದು ನಿಂತೈತಿ ಅಂತಲ್ಲ.
ಸದ್ದಿಲ್ಲದ ಒಳಗ ಬಂದು ಕುಂತಿರ್ತಾರ
ನಿನ್ನ ಲಿವರಿನ ಕಟ್ಟೀಮ್ಯಾಲೆ, ಚಪ್ಪಲಿ ಸಮೇತ.

ನಕ್ಕ. ಕೀಲಿ ಟೇಬಲ್ ಮ್ಯಾಗಿತ್ತು.
ತಾಟು ಎತ್ತೂವಾಗ ಅದನ್ನೂ ಎತ್ತಿದೆ,
ಅಕ್ಕಿ ಡಬ್ಬ್ಯಾಗ ಮೊಣಕೈತನಕ ಕೈ ಇಳಿಸಿ ಹುಗದೆ.
ಹುಡುಕಿದ, ಬೈದ, ನನ್ನವ್ವನ್ನೂ ಬೈದ,
ಆಮೇಲೆ ಹಲಸಿನ ಗಿಡದ ಬುಡಕ ಬೆಂಚಿನ ಮ್ಯಾಲೆ
ಬಾಯಿ ತಗದು ಮಕ್ಕೊಂಡ. ನೊಣ ಕುಂತವು, ಎದ್ದವು.
ಅಷ್ಟೊತ್ತಿನ್ಯಾಗ ಘಾಟಿನ್ಯಾಗ ಏನಾತು ಅಂತ ಕೇಳಬ್ಯಾಡ್ರಿ.
ಏನೂ ಆಗಲಿಲ್ಲ. ಅದss ನನ್ನ ಗಳಿಕಿ.
ಮರುದಿನ ನಸಕಿನ್ಯಾಗ ಕೀಲಿ ಕೊಟ್ಟೆ. ಥ್ಯಾಂಕ್ಸ್ ಅನ್ನಲಿಲ್ಲ.
ಮೀನಿನ ರೊಕ್ಕಾನೂ ಮರತು ಹ್ವಾದ.

ದೊಡ್ಡ ಮಾತು ಆಡಿದೆ ಅಂತೀರೇನು?
ಆಡೀನಿ. ಆದ್ರ ಕೇಳ್ರಿ.
ಶಟರ್ ಎಳದ ಮ್ಯಾಲೆ ನನಗೂ ಒಂದು ಗಲಾಸೈತಿ.
ಒಂದ ಬೆರಳು. ಕಾಲು ನೋವಿಗೆ ಅಂತ ಸುರುವಾಗಿದ್ದು,
ಬಾಯಿ ಸತ್ತ ವರ್ಷ ಎರಡಾತು.
ಹೋದ ಶ್ರಾವಣದಾಗ ಒಂದು ರಾತ್ರಿ
ಎರಡು ಬೆರಳು ಹೋದ ಜಾಗ ತಿಳೀಲಿಲ್ಲ.
ಮೂರು ಹಾಕ್ಕೊಂಡೆ. ಮುಸುರಿ ತಿಕ್ಕಿದೆ, ಕೈ ನಡುಗಲಿಲ್ಲ.
ಖರೇ ಹೇಳ್ತೀನಿ, ಹೆಮ್ಮಿ ಅನಿಸ್ತು.
ಗಟ್ಟಿ ಅದೀನಿ ಅಂತ.
ಹಾಸಗಿಗೆ ಬಿದ್ದ ಮ್ಯಾಲೆ ನೆನಪಾತು,
ಇದು ಈರಭದ್ರನ ಹೆಮ್ಮಿ.

ನಲವತ್ತು ದಿನ ಮುಟ್ಟಲಿಲ್ಲ.
ಮೊದಲ ವಾರ ನಿದ್ದಿ ಬರಲಿಲ್ಲ, ಹಲ್ಲಿ ಎಣಿಸಿದೆ,
ಯಾರ್‍ಯಾರ ಮ್ಯಾಲೋ ಹರಿಹಾಯ್ದೆ.
ಗಲಾಸಿಗೆ ಕೆಂಪು ನೇಲ್‌ಪಾಲಿಶ್ನಿಂದ ಗೆರಿ ಎಳದೆ,
ಒಂದ ಬೆರಳಿಗೆ.
ವಾರಕ್ಕ ಎರಡು ರಾತ್ರಿ, ಉಂಡ ಮ್ಯಾಲೆ, ನೀರಿನ ಕೂಡ.

ನಿನ್ನೆ ಕುಂತಿದ್ದೆ. ಗೆರಿತನಕ ಹಾಕ್ಕೊಂಡು ಅರ್ಧಾ ಇಳಿಸಿದ್ದೆ,
ಕಿವಿ ಬೆಚ್ಚಗಾದವು, ಬಲ್ಬು ಎರಡು ಗುಂಜಿ ಹತ್ತಿರ ಬಂತು.
ಒಳಗ ಎಲ್ಲೋ ಬೆಲ್ಲು ಹೊಡೀತು.
ಉಳದ ಅರ್ಧಾ ಹಲಸಿನ ಬುಡಕ ಚೆಲ್ಲಿ
ಡಬ್ಬಿ ಮುಚ್ಚಳ ತಗದು ನಾಳಿನ ಅಕ್ಕಿ ಅಳದೆ.
ಕೈಗೊಂದು ಹುಬ್ಬಳ್ಳಿ ಕೀಲಿ ಹತ್ತಿತು.
ಹೊರಗ ಸೀಟು ಚಾಚಿ ಯಾರೋ ಗೊರಕಿ ಹೊಡೀತಿದ್ರು.