ಎರಡು ಸೆಕೆಂಡು

ನಕಲು ಬೇರೆ ಥರ ಕೇಳಿಸುತ್ತದೆ, ಅಂದರು ಬೊಗುಮಿಲ್.
ಗ್ದಿನ್ಯಾ ಬಂದರಿನ ಹಿಂದಿನ ಬೀದಿ, ನಾಲ್ಕನೇ ಮಹಡಿ,
ಕಿಟಕಿಯಲ್ಲಿ ಕ್ರೇನುಗಳು ಕತ್ತು ಚಾಚಿ ನಿಂತಿದ್ದವು
ಸಾಕ್ಷಿ ಹೇಳಲು ಬಂದವರಂತೆ.

ನಾನು ನಕ್ಕೆ. ನಗಬಾರದಿತ್ತು.
ಅವರ ಕಿವಿಯ ನಕ್ಷೆ ನನ್ನ ಕಪಾಟಿನಲ್ಲೇ ಇದೆ:
ಮೂವತ್ತು ವರ್ಷ ಹಡಗಿನ ರೇಡಿಯೋ ಕೋಣೆ,
ಗೋಡೆಯಾಚೆ ಎಂಜಿನ್ನು.
ನಾಲ್ಕು ಸಾವಿರ ಹರ್ಟ್ಸ್ ದಾಟಿದ ಮೇಲೆ
ಬಂಡೆಯಿಂದ ಜಾರಿದ ಹಾಗೆ ಗೆರೆ ಕೆಳಗೆ.
ಮಿಡತೆ ಅವರ ಪಾಲಿಗೆ ಮೂಕಪ್ರಾಣಿ.

ಅಂಥವರು ಹೇಳುತ್ತಾರೆ:
ಇದರಲ್ಲಿ ಚೆಲ್ಲೋ ತೆಳ್ಳಗಿದೆ,
ಅದರಲ್ಲಿ ಹೊಟ್ಟೆ ತುಂಬ ಉಂಡಿದೆ.

ಅದು, ಲೈಬ್ರರಿಯಿಂದ ತಂದ ಅಸಲು, ಬೆನ್ನಿಗೆ ಬಾರ್‌ಕೋಡು.
ಇದು, ಸೋದರಳಿಯ ಕಾಝಿಕ್ ಕಂಪ್ಯೂಟರಿನಲ್ಲಿ ಸುಟ್ಟುಕೊಟ್ಟದ್ದು,
ನೀಲಿ ಮಾರ್ಕರಿನಲ್ಲಿ 'ಮಾವನಿಗೆ', ಅದೂ ಸೊಟ್ಟಗೆ.

"ಸೊನ್ನೆಗೆ ಸೊನ್ನೆ, ಒಂದಕ್ಕೆ ಒಂದು," ಅಂದೆ.
"ಮಗ್ಗಿಯನ್ನು ನಕಲು ಬರೆದರೆ ಏಳೆಂಟ್ಲ
ಐವತ್ತೈದೂವರೆ ಆಗುತ್ತದಾ?"
"ನನ್ನ ಕಿವಿ ಮೇಲೆ ಹೂವಿಡಬೇಡ," ಅಂದರು.

ಒರೆಗೆ ಹಚ್ಚಿಯೇ ಬಿಡೋಣ ಅಂತ
ಟವೆಲಿನಿಂದ ಅವರ ಕಣ್ಣು ಕಟ್ಟಿದೆ.
ಒಂದು ಝ್ಲೋಟಿ ನಾಣ್ಯ ಚಿಮ್ಮಿದೆ:
ಹದ್ದು ಬಿದ್ದರೆ ಅಸಲು, ಅಂಕಿ ಬಿದ್ದರೆ ನಕಲು.
ಮೂವತ್ತು ಸೆಕೆಂಡು, ಮತ್ತೆ ಮೂವತ್ತು,
ಇಪ್ಪತ್ತು ಸಲ.
ನಡುವೆ ಕೆಳಗಿನ ಮನೆಯವರು ಕೊಳವೆ ಬಡಿದರು.
ಹತ್ತು ಸರಿ, ಹತ್ತು ತಪ್ಪು.
ನಾಣ್ಯಕ್ಕೇ ಕಿವಿ ಇದ್ದಿದ್ದರೂ ಇಷ್ಟೇ ಅಂಕ.

ಬೊಗುಮಿಲ್ ಟವೆಲು ಬಿಚ್ಚಲಿಲ್ಲ.
ಗಾಜಿನ ಲೋಟ ತಡವಿ ಚಹಾ ಕುಡಿದರು.
ಆಮೇಲೆ, ತಗ್ಗಿದ ದನಿಯಲ್ಲಿ:
"ನೀನು ತುತ್ತು ತುತ್ತಾಗಿ ಬಡಿಸಿದೆ.
ಪೂರ್ತಿ ಹಾಕು."

ಹಾಕಿದೆ.
ಎರಡನೇ ಭಾಗ ಮುಗಿದು
ಮೂರನೆಯದು ಇನ್ನೂ ಶುರುವಾಗದ ಕಡೆ
ಅವರ ಬೆರಳು ಮೇಲೆದ್ದಿತು. ಇಲ್ಲಿ.

ಅಸಲಿನಲ್ಲಿ ಅಲ್ಲಿ ಹಳೇ ಚರ್ಚಿನ ಗಾಳಿ ಇತ್ತು,
ಪುಟ ತಿರುವಿದ್ದು, ಕುರ್ಚಿ ಕಿರ್ರೆಂದದ್ದು,
ಯಾರೋ ಕೆಮ್ಮು ನುಂಗಿಕೊಂಡದ್ದು.
ನಕಲಿನಲ್ಲಿ (ಕಾಝಿಕ್ ಯಾವುದೋ ಚೌಕಕ್ಕೆ ಗುರುತು ಹಾಕಲು ಮರೆತಿದ್ದ)
ಭಾಗ ಭಾಗದ ನಡುವೆ ಎರಡು ಸೆಕೆಂಡು
ಚರ್ಚೇ ಇರಲಿಲ್ಲ.
ಗಾಳಿಯೂ ಇಲ್ಲ. ಬರೀ ಸೊನ್ನೆ.

ಗಡಿಯಾರ ಹಿಡಿದು ಅಳೆದೆ. ಎರಡು.

"ತಂತಿ ಭಾಷೆಯಲ್ಲಿ," ಅಂದರು, ಈಗ ಟವೆಲು ಬಿಚ್ಚುತ್ತ,
"ಚುಕ್ಕಿ ಗೆರೆ ಯಾರಿಗೆ ಬೇಕಾದರೂ ಕೇಳಿಸುತ್ತದೆ.
ನಡುವಿನ ಬಿಡುವು ತಪ್ಪಿತೋ,
ಎರಡು ಅಕ್ಷರ ಕೂಡಿ ಮೂರನೆಯದಾಗುತ್ತದೆ.
ಒಂದು ಸಲ, ಬಿಸ್ಕೇ ಕೊಲ್ಲಿಯ ಬಿರುಗಾಳಿಯಲ್ಲಿ..."
ಹೇಳಲಿಲ್ಲ. ಸಕ್ಕರೆ ಕಲಕಿದರು.

ಅಸಲನ್ನು ಲೈಬ್ರರಿಗೆ ನಾನೇ ಮುಟ್ಟಿಸಿದೆ,
ಒಂದು ದಿನ ತಡ, ಇಪ್ಪತ್ತು ಗ್ರೋಶ್ ದಂಡ.
ಅವರಿಗೆ ನಕಲೇ ಸಾಕಂತೆ.
ಎಂಟು ಚಳಿಗಾಲ ಆ ತೂತಿನೊಳಗೆ
ತಮ್ಮ ಕೆಟಲು, ತಮ್ಮ ಲಿಫ್ಟು,
ಮಂಜಿನಲ್ಲಿ ಹಡಗಿನ ಕೂಗು ಕೇಳಿ ರೂಢಿ;
ಅಸಲಿನಲ್ಲಿ ಅವಕ್ಕೆ ಕೂರಲು ಜಾಗವಿಲ್ಲ.
"ಚೆಲ್ಲೋ ತೆಳ್ಳಗಿದೆ ಅಂದಿರಲ್ಲ?" ಅಂದೆ.
ಕಿವಿ ಕೇಳಿಸದವರ ಹಾಗೆ ಕೂತರು.

ಮರುದಿನ ಕ್ಲಿನಿಕ್ಕಿನ ಗಾಜಿನ ಗೂಡಿನಲ್ಲಿ
ಮೀನು ಕಾರ್ಖಾನೆಯ ಹೆಂಗಸು,
ತಲೆಗೆ ಹೆಡ್‌ಫೋನು, ಕೈಯಲ್ಲಿ ಗುಂಡಿ.
ಸದ್ದು ಕೇಳಿಸಿದಾಗ ಒತ್ತಿ ಅಂತ ಹೇಳಿದ್ದೆ.
ನಾನು ಏನೂ ಕಳಿಸದ ಹೊತ್ತಿನಲ್ಲಿ
ಒತ್ತಿದಳು.
ಅದಕ್ಕೊಂದು ಗುರುತು ಇದೆ ನಮ್ಮಲ್ಲಿ, ತಪ್ಪು ಅಂತ.
ಹಾಕಿದೆ,
ಸ್ವಲ್ಪ ತಡೆದು.